ಆಷಾಢದಲ್ಲಿ ಬಿದ್ದ ಗಡುವು

ನಾನು ಒಂದು ಹಿತ್ತಾಳೆ ಬೀಗ. ಹುಟ್ಟಿದ್ದು ದೂರದ ಅಲಿಗಢದಲ್ಲಿ, ಬಾಳಿದ್ದೆಲ್ಲ ತುಮಕೂರಿನ ಒಂದೇ ಬಾಗಿಲಲ್ಲಿ. ಹೊರಗೇ ನೇತಾಡುವವರಿಗೆ ಒಳಗಿನ ಸುದ್ದಿಯ ಚಪಲ ಇದ್ದೇ ಇರುತ್ತದೆ. ನನಗೆ ತುಸು ಹೆಚ್ಚೇ ಇತ್ತು.

ಮೊದಲ ಯಜಮಾನರು ಪೋಸ್ಟ್ ಮಾಸ್ಟರ್. ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವರು ದಿನವೂ ಹಿಂದೆ ಬಂದು ನನ್ನನ್ನು ಜಗ್ಗಿ ನೋಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಕ್ಕಳು ಆ ಸೋರುವ ಮನೆಯನ್ನು ಮಾರಿದರು. ಕೊಂಡವಳು ಟೈಲರ್ ವನಜಾಕ್ಷಿ. ರಿಪೇರಿ ಮಾಡಿಸಿ ಲಾಭಕ್ಕೆ ಮಾರಬೇಕೆಂಬುದು ಅವಳ ಆಸೆ.

ಹಳೇ ಮನೆಗೆ ಬ್ಯಾಂಕು ಸಾಲ ಕೊಡಲಿಲ್ಲ. ಹದಿನೆಂಟು ವರ್ಷ ಹೊಲಿದು ಉಳಿಸಿದ್ದನ್ನು ಅವಳು ಸುರಿದಳು. ಮಿಕ್ಕಿದ್ದನ್ನು ಫೈನಾನ್ಸ್ ನಡೆಸುವ ಪಾಲನೇತ್ರಯ್ಯ ಸಂಕ್ರಾಂತಿಯ ಮರುದಿನ ಕೊಟ್ಟರು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು, ಗಡುವು ಆರು ತಿಂಗಳು, ತಪ್ಪಿದರೆ ಮನೆ ಅವರದು. ಪತ್ರಗಳ ಜೊತೆ ನನ್ನದೊಂದು ಕೀಲಿಕೈಯೂ ಅವರ ಜೇಬು ಸೇರಿತು. ಆಗಾಗ ಬಂದು ಗೋಡೆ ತಟ್ಟಿ ಹೋಗುತ್ತಿದ್ದರು. ಕೆಟ್ಟವರೇನಲ್ಲ, ಆದರೂ ಅವರ ಕೈ ಕಂಡರೆ ನನಗೆ ಆಗುತ್ತಿರಲಿಲ್ಲ.

ವನಜಾಕ್ಷಿ ಸಿಮೆಂಟು, ವೈರು, ಬಣ್ಣ ಎಲ್ಲವನ್ನೂ ಲೆಕ್ಕ ಹಾಕಿದ್ದಳು. ಮರೆತದ್ದು ಪಂಚಾಂಗವನ್ನು. ಬಣ್ಣ ಒಣಗುವ ಹೊತ್ತಿಗೆ ಆಷಾಢ ಕಾಲಿಟ್ಟಿತು. ಫೋನ್ ಮಾಡಿದವರೆಲ್ಲ ಶ್ರಾವಣ ಬರಲಿ ಎಂದರು. ಗಡುವು ಅದಕ್ಕಿಂತ ಮೊದಲೇ ಇತ್ತು. ರವಿಕೆಯೊಳಗೆ ಒಂದಿಂಚು ಹೆಚ್ಚಿಗೆ ಬಿಟ್ಟೇ ಹೊಲಿಯುವವಳು ಗಡುವಿನ ದಿನಗಳಲ್ಲಿ ಹಾಗೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಬಂದು ಖಾಲಿ ಮನೆ ಗುಡಿಸುತ್ತಿದ್ದಳು. ಬೀಗ ತೆಗೆಯುವಾಗ ಉಳಿದ ದಿನ ಎಣಿಸುತ್ತಿದ್ದಳು, ಕೇಳಿ ನನಗೂ ಹೆದರಿಕೆಯಾಗುತ್ತಿತ್ತು.

ಗಡುವಿಗೆ ಒಂಬತ್ತು ದಿನವಿದ್ದಾಗ ನರ್ಸ್ ಫಿಲೋಮಿನಾ ಬಂದರು. ನಲ್ಲಿ ತಿರುಗಿಸಿ, ಅಟ್ಟ ಹತ್ತಿ ನೋಡಿ, ಇಷ್ಟು ಚೆಂದದ ಮನೆಗೆ ಗಿರಾಕಿ ಯಾಕಿಲ್ಲ ಎಂದು ಕೇಳಿದರು. ವನಜಾಕ್ಷಿ ಏನನ್ನೂ ಮುಚ್ಚಿಡದೆ ಹೇಳಿಬಿಟ್ಟಳು.

“ನಮಗೆ ಆಷಾಢ ಇಲ್ಲಮ್ಮ, ಆದ್ರೆ ನಿಮಗಿದೆಯಲ್ಲ,” ಎಂದರು ಫಿಲೋಮಿನಾ. “ಎರಡು ಲಕ್ಷ ಇಳಿಸಿ, ಈ ವಾರಾನೇ ರಿಜಿಸ್ಟ್ರೇಷನ್ ಮಾಡಿಸ್ಕೊತೀನಿ.”

ಆ ಎರಡು ಲಕ್ಷವೇ ವನಜಾಕ್ಷಿಯ ಅಷ್ಟೂ ಲಾಭ. ಆದರೂ ಒಪ್ಪಿಕೊಂಡಳು.

ಸಾಲ ತೀರಿತು. ಫಿಲೋಮಿನಾ ಹೊಸ ಬೀಗ ತಂದಿದ್ದರಿಂದ ನಾನು ವನಜಾಕ್ಷಿಯ ಚೀಲ ಸೇರಿದೆ. ಕೀಲಿಕೈ ಹಿಂದಿರುಗಿಸುತ್ತ ಪಾಲನೇತ್ರಯ್ಯ, ಇನ್ನು ಈ ಉಸಾಬರಿ ಸಾಕಲ್ಲವೇ ಎಂದು ಕೇಳಿದರು.

“ಆಷಾಢ ಮುಗಿಯಕ್ಕೆ ಇನ್ನೂ ಹತ್ತು ದಿನ ಐತೆ ಸ್ವಾಮಿ. ಮಾರೋರು ಒದ್ದಾಡ್ತಾವ್ರೆ, ಕೊಳ್ಳೋರಿಲ್ಲ. ಇನ್ನೊಂದು ಮನೆ ನೋಡಿದೀನಿ. ಬಡ್ಡಿ ಎರಡಕ್ಕೆ ಇಳಿಸಿ,” ಎಂದಳು ಅವಳು.

ಈಗ ನಾನು ಅವಳ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಗುಂಡಿಗಳ ನಡುವೆ ಮುದಿಯಾಗಿ ಮಲಗಿದ್ದೇನೆ. ಆಮೇಲೆ ಅವಳು ಐದು ಮನೆ ಮಾರಿದ್ದಾಳೆ, ಐದನ್ನೂ ಅವಳು ಅಗ್ಗಕ್ಕೆ ಕೊಂಡದ್ದು ಆಷಾಢದಲ್ಲೇ. ನಡುಗಿಸಿದ ತಿಂಗಳೇ ಅವಳಿಗೆ ಅನ್ನ ಹಾಕುತ್ತಿರುವುದು ನನಗೆ ಇನ್ನೂ ಸೋಜಿಗ.