ಬಾಣಂತಿಗೆಂದು ತುಂಬಿಸಿಟ್ಟ ನೀರು

ಚಂದ್ರಾ ಲೇಔಟಿನ ಯಶೋದಮ್ಮನಿಗೆ ಅಂದು ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಏಳು ತಿಂಗಳ ಬಸುರಿ ಮಗಳು ರತ್ನ ಚೊಚ್ಚಲ ಹೆರಿಗೆಗೆಂದು ಮದ್ದೂರಿನಿಂದ ಗಂಡನ ಜೊತೆ ಬರುವ ದಿನ. ಸಂಭ್ರಮ ಪಡಬೇಕಾದ ತಾಯಿ ಹಿತ್ತಲಿಗೂ ಬೀದಿ ಬಾಗಿಲಿಗೂ ಅಲೆಯುತ್ತಿದ್ದರೆ ಗಂಡ ಕೃಷ್ಣಯ್ಯನಿಗಾದರೂ ಕಾಫಿ ಗಂಟಲಲ್ಲಿ ಇಳಿಯುವುದು ಹೇಗೆ?

ಇದಕ್ಕೆಲ್ಲ ಮೂಲ ಹಿತ್ತಲಲ್ಲಿದ್ದ ಮೂರು ಡ್ರಮ್ಮು. ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಅದಕ್ಕೆ ಮನಸ್ಸಾದರೆ. ಹಂಡೆಗಟ್ಟಲೆ ಬಿಸಿನೀರು ಹುಯ್ಯದಿದ್ದರೆ ಅದೂ ಒಂದು ಬಾಣಂತನವೇ? ನಾಳೆ ಬೀಗರ ಬಾಯಿಗೆ ಬೀಳುವವರು ಯಾರು? ಹೆರಿಗೆಗೆ ಇನ್ನೂ ಎರಡು ತಿಂಗಳಿದೆ ಎಂದರೆ ಕೇಳುವ ಹೆಂಗಸಲ್ಲ ಅವಳು. ಡ್ರಮ್ಮು ತರಿಸಿ, ಬಟ್ಟೆಯಲ್ಲಿ ಸೋಸಿ ಸೋಸಿ ತುಂಬಿಸಿ, ಮೇಲೊಂದು ಮುರುಕು ಹಲಗೆ ಮುಚ್ಚಿ, ಒಂದು ಚೊಂಬು ನೀರನ್ನೂ ಯಾರೂ ಮುಟ್ಟದಂತೆ ಕಾವಲು ಕಾದಿದ್ದಳು.

ಪಕ್ಕದ ಮನೆ ಮುನಿತಾಯಮ್ಮನ ಸೊಸೆ ವಾರದಿಂದ ಜ್ವರದಲ್ಲಿ ಬಿದ್ದಿದ್ದಳು. ಮೂಳೆಮೂಳೆಯೂ ಮುರಿದಂಥ ನೋವು. ಹಿಂದಿನ ಸಂಜೆ ನೋಡಲು ಬಂದ ಡಾಕ್ಟರು ಡೆಂಗಿ ಜ್ವರ ಇದ್ದ ಹಾಗಿದೆ ಎಂದರು. ಇದನ್ನು ಹರಡುವುದು ಮೋರಿಯ ಸೊಳ್ಳೆಯಲ್ಲ, ಆ ಸೊಳ್ಳೆ ಮನೆಯಲ್ಲಿ ತುಂಬಿಸಿಟ್ಟ ಒಳ್ಳೆ ನೀರಿನಲ್ಲೇ ಹುಟ್ಟುವುದು, ಕಚ್ಚುವುದೂ ಹಗಲು ಹೊತ್ತು. ಜ್ವರ ಬಂದವರು ಸೊಳ್ಳೆ ಪರದೆಯೊಳಗೇ ಇರಬೇಕು, ಇಲ್ಲದಿದ್ದರೆ ಅವರನ್ನು ಕಚ್ಚಿದ ಸೊಳ್ಳೆ ಇನ್ನೊಬ್ಬರಿಗೆ ಅಂಟಿಸುತ್ತದೆ. ಬಸುರಿಯರಿದ್ದರೆ ಇನ್ನೂ ಹುಷಾರಾಗಿರಬೇಕು ಎಂದೂ ಹೇಳಿದರು.

ಅಲ್ಲೇ ನಿಂತು ಕೇಳುತ್ತಿದ್ದ ಯಶೋದಮ್ಮ ಮನೆಗೆ ಓಡಿಬಂದು ಹಲಗೆ ಸರಿಸಿದಳು. ತಿಳಿನೀರಿನಲ್ಲಿ ನೂಲಿನ ಎಳೆಯಂಥ ಹುಳುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಮಗಳಿಗೆಂದು ಸೋಸಿದ ನೀರು ಅವಕ್ಕೆ ತೊಟ್ಟಿಲಾಗಿತ್ತು. ಮೂರನ್ನೂ ಉರುಳಿಸಿದಳು. ಪಕ್ಕದ ಮನೆಯವಳ ಜ್ವರ ತನ್ನ ಹಿತ್ತಲಿಂದಲೇ ಹೋಯಿತೇನೋ ಎಂಬ ಸಂಕಟ ಬೇರೆ. ನೀರನ್ನೇನೋ ಚೆಲ್ಲಬಹುದು, ಆಗಲೇ ಸೊಳ್ಳೆಯಾಗಿ ಹಾರಿಹೋದವನ್ನು ಎಲ್ಲಿ ಹುಡುಕುವುದು?

"ರತ್ನಂಗೆ ಅಂತ ಪರದೆ ಕಟ್ಟಿದೀಯಲ್ಲೇ, ಇನ್ನೇನು?" ಎಂದ ಕೃಷ್ಣಯ್ಯ, ಬೆಳಗಿನ ಕಾಫಿ ಲೋಟ ಹಿಡಿದುಕೊಂಡೇ.

"ಹಗಲೆಲ್ಲ ಅವಳನ್ನ ಪರದೆಯೊಳಗೆ ಕೂರ್ಸಕ್ಕಾಗತ್ತೇನ್ರಿ? ಹುಟ್ಟಿದಾಗಿಂದ ಒಂದು ಕಡೆ ಕೂತೋಳಾ ಅವಳು?"

ಫೋನು ಎರಡು ಮನೆಯಲ್ಲೂ ಇಲ್ಲ. ಬರಬೇಡಿ ಎಂದು ಕಾಗದ ಹಾಕಿದರೆ ಅದು ಮದ್ದೂರು ಮುಟ್ಟುವಷ್ಟರಲ್ಲಿ ಅವರು ಇಲ್ಲಿರುತ್ತಾರೆ. ಅವರು ಕೆಂಗೇರಿಯಲ್ಲಿ ಇಳಿಯುವುದೆಂದು ಮೊದಲೇ ಮಾತಾಗಿತ್ತು. ಯಶೋದಮ್ಮ ಒಂದು ಚೀಲಕ್ಕೆ ಹಸಿರು ಸೀರೆ, ಅಕ್ಕಿ, ಕೊಬ್ಬರಿ, ಬೆಲ್ಲ, ರತ್ನ ಇಷ್ಟಪಡುವ ಕೋಡುಬಳೆ ತುಂಬಿಕೊಂಡು ಒಬ್ಬಳೇ ಹೊರಟಳು. ದಾರಿಯುದ್ದಕ್ಕೂ ಮಂಡಿ ಸೆಳೆಯುತ್ತಿತ್ತು. ರಾತ್ರಿ ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡಳು.

ಬಸ್ಸಿಳಿದ ರತ್ನ ಹೊಟ್ಟೆ ಹೊತ್ತುಕೊಂಡು ನಗುತ್ತಾ ಬಂದಳು. ಆ ಮುಖ ನೋಡಿದ ಮೇಲೆ ಹೇಳುವುದು ಎಷ್ಟು ಕಷ್ಟ! ಆದರೂ ಹೇಳಿದಳು. ಜ್ವರ, ಡ್ರಮ್ಮು, ಹುಳು, ಎಲ್ಲ ಹೇಳಿ, "ಈಗಲೇ ವಾಪಸ್ ಹೋಗಮ್ಮ. ಇದೆಲ್ಲ ತಣ್ಣಗಾದ್ಮೇಲೆ ನಾನೇ ಬಂದು ಕರ್ಕೊಂಡ್ ಬರ್ತೀನಿ. ಆಗ್ದೇ ಇದ್ರೆ ಅಲ್ಲೇ ಬಂದು ಬಾಣಂತನ ಮಾಡ್ತೀನಿ" ಎಂದಳು.

"ಸೊಳ್ಳೆಗೆ ಹೆದರ್ಕೊಂಡು ಮಗಳನ್ನ ವಾಪಸ್ ಕಳಿಸ್ತಾರಾ? ನಮ್ಮೂರಲ್ಲಿ ಸೊಳ್ಳೆ ಇಲ್ವಾ?" ರತ್ನಳ ಕಣ್ಣು ತುಂಬಿತು. "ಅತ್ತೆ ಮನೇಲಿ ಏನಂತ ಮುಖ ತೋರಿಸ್ಲಿ ನಾನು?"

"ಅಳಿಯಂದ್ರೇ, ನೀವಾದ್ರೂ ಹೇಳಿ. ಬೈದ್ರೆ ನನ್ನೇ ಬೈಯ್ಲಿ ಅಂತ ಹೇಳಿ ನಿಮ್ಮಮ್ಮಂಗೆ."

ಅಳಿಯ ಪದ್ಮನಾಭ ಹೆಚ್ಚು ಮಾತಿನವನಲ್ಲ. ಹೆಂಡತಿಯ ಹೊಟ್ಟೆ ಕಡೆ ಒಮ್ಮೆ ನೋಡಿ, "ಆಯ್ತು ಅತ್ತೆ, ಮುಂದಿನ ಬಸ್ಸಿಗೆ ಹೊರಡ್ತೀವಿ" ಎಂದ.

ಯಶೋದಮ್ಮ ಅಲ್ಲೇ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಮಡಿಲು ತುಂಬಲು ಅಕ್ಕಿ ತೆಗೆದಳು. ರತ್ನ ಸೆರಗು ಒಡ್ಡಲಿಲ್ಲ.

"ಹೆತ್ತೋಳೇ ಬಾಗ್ಲು ಹಾಕಿದ್ಮೇಲೆ ಮಡಿಲು ಯಾಕಮ್ಮ ತುಂಬ್ತೀಯ?"

ಚೀಲವನ್ನು ಪದ್ಮನಾಭ ತೆಗೆದುಕೊಂಡ. ಬಸ್ಸು ಹೊರಟಾಗ ರತ್ನ ಕಿಟಕಿಯಲ್ಲಿದ್ದರೂ ಇತ್ತ ತಿರುಗಿ ನೋಡಲಿಲ್ಲ.

ಮನೆ ಸೇರುವಷ್ಟರಲ್ಲಿ ಅವಳ ಮೈ ಕಾದ ಹೆಂಚಾಗಿತ್ತು. ಕಣ್ಣುಗುಡ್ಡೆಯ ಹಿಂದೆ ನೋವು, ಸೊಂಟದಲ್ಲಿ ನೋವು. ಕೃಷ್ಣಯ್ಯ ಹಣೆ ಮುಟ್ಟಿ ಹೌಹಾರಿದ. ಡಾಕ್ಟರು ಬಂದು ನೋಡಿ, ಇದೂ ಅದೇ ಇರಬೇಕು ಎಂದು ಹೋದರು. ಯಶೋದಮ್ಮ ಎದ್ದು, ರತ್ನಳಿಗೆಂದು ಕಟ್ಟಿದ್ದ ಪರದೆಯೊಳಗೆ ಹೋಗಿ ಮಲಗಿದಳು. ಹೊರಗೆ ಇನ್ನೂ ಬಿಸಿಲಿತ್ತು.

"ನಿಂಗೆ ಹಿಂಗಾಗಿದೆ ಅಂತ ರತ್ನಂಗೆ ಒಂದು ಕಾಗ್ದ ಹಾಕ್ತೀನಿ ಕಣೇ," ಕೃಷ್ಣಯ್ಯ ಮಂಚದ ಪಕ್ಕ ಕೂತು ಹೇಳಿದ. "ನೀನು ಕಳಿಸಿದ್ದೇ ಸರಿ ಅಂತ ಅವಳಿಗೂ ಗೊತ್ತಾಗ್ಲಿ. ಪಾಪ, ಕೋಪ ಮಾಡ್ಕೊಂಡು ಹೋಗಿದಾಳೆ."

"ಬೇಡ್ರಿ," ಯಶೋದಮ್ಮ ಒಳಗಿನಿಂದಲೇ ಪರದೆಯ ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿದಳು. "ಗೊತ್ತಾದ್ರೆ ಓಡ್ಬಂದ್ಬಿಡ್ತಾಳೆ. ಕೋಪದಲ್ಲೇ ಇರ್ಲಿ."