ಎಂಟು ಮಗ್ಗಗಳ ಮೇಲಿನ ದನಿ

ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತೇವೆ. ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ಶೆಡ್ಡು, ಶೆಡ್ಡಿನಲ್ಲಿ ಎಂಟು ಪವರ್‌ಲೂಮು. ಬೆಳಗ್ಗೆ ಆರಕ್ಕೆ ಅವು ಶುರುವಾದವೆಂದರೆ ‘ಉಪ್ಪು ಕೊಡು’ ಎನ್ನುವುದಕ್ಕೂ ಆಚೆ ಬೀದಿಯವರನ್ನು ಕರೆಯುವಷ್ಟು ಉಸಿರು ಬೇಕು. ನಾನು ಕೊಳ್ಳೇಗಾಲದವಳು. ತಮಿಳು ಸೀಮೆಯ ಅವಿನಾಶಿ ಊರಿನ ಈ ಕನ್ನಡದವರ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಇವರೆಲ್ಲ ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದುಕೊಂಡು ಒಂದು ತಿಂಗಳು ಕದ್ದು ಅತ್ತಿದ್ದೆ. ಅದಾಗಿ ಇಪ್ಪತ್ತೆರಡು ವರ್ಷವಾಯಿತು. ಈಗ ನಾನು ತವರಿಗೆ ಹೋದರೆ ತಮ್ಮನ ಹೆಂಡತಿ ಮೊದಲು ಎದ್ದು ಕಿಟಕಿ ಮುಚ್ಚುತ್ತಾಳೆ. ಅಕ್ಕಪಕ್ಕದವರು ಜಗಳ ಎಂದುಕೊಳ್ಳುತ್ತಾರಂತೆ.

ಇಂಥ ಮನೆಯಲ್ಲಿ ಹುಟ್ಟಿ ಬೆಳೆದ ನನ್ನ ಮಗಳು ಜನನಿ ಪೀಳಮೇಡಿನ ಒಂದು ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದಳು. ಓದು ಮುಗಿಸುವ ಮೊದಲು ಏನಾದರೊಂದು ಮಾಡಿ ತೋರಿಸಬೇಕು. ಇವಳು ಒಂದು ವೆಬ್‌ಸೈಟ್ ಮಾಡಿದಳು. ಬ್ರೌಸರಿನಲ್ಲಿ ತೆರೆದರೆ ಪರದೆಯ ಮೇಲೆ ಬರೀ ಉದ್ದುದ್ದದ ಹಾಸಿನ ಎಳೆಗಳು ನಿಂತಿರುತ್ತವೆ. ನೀವು ಒಂದು ಮಾತಾಡಿದರೆ ಮೈಕು ಕೇಳಿಸಿಕೊಂಡು ಅಡ್ಡಕ್ಕೆ ಒಂದು ಹೊಕ್ಕಿನ ಎಳೆ ಹಾಯಿಸುತ್ತದೆ. ಎಳೆಯ ಬಣ್ಣ ನೀವು ಉಟ್ಟ ಬಟ್ಟೆಯದು, ಅದನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಕೈ ಎತ್ತಿದರೆ ಅಂಚಿನ ವಿನ್ಯಾಸ ಬದಲಾಗುತ್ತದೆ. ಹಾಡಿದರೆ ಹಾಡಿನಷ್ಟು ಬಟ್ಟೆ, ಬೈದರೆ ಬೈಗುಳದಷ್ಟು ಬಟ್ಟೆ. ನಮ್ಮ ಮನೆಯ ಮಟ್ಟಿಗೆ ಎರಡನೆಯದೇ ಹೆಚ್ಚು ನೇಯುತ್ತಿತ್ತು.

ನೋಡುವುದಕ್ಕೆ ಆಟ, ಆದರೆ ಜನನಿಯ ಪಾಲಿಗೆ ಆಟವಾಗಿರಲಿಲ್ಲ. ಕಾಲೇಜಿನ ಪ್ರದರ್ಶನಕ್ಕೆ ಇಂಥ ವೆಬ್‌ಸೈಟುಗಳನ್ನೇ ಮಾಡುವ ಕಂಪನಿಯೊಂದರಿಂದ ಬರುತ್ತಾರೆ, ಎಲ್ಲರದನ್ನೂ ನೋಡಿ ಒಬ್ಬರನ್ನು ಮಾತ್ರ ಕೆಲಸಕ್ಕೆ ಆರಿಸುತ್ತಾರೆ ಎಂದು ಗೊತ್ತಾಗಿತ್ತು. ಆರಿಸದಿದ್ದರೆ ಅವಳು ಪ್ರದರ್ಶನ ಮುಗಿದ ಸೋಮವಾರದಿಂದಲೇ ತಿರುಪ್ಪೂರಿನಲ್ಲಿ ಲೋಗನಾಥನ್ ಅವರ ಬನಿಯನ್ ಕಂಪನಿಯ ಆಫೀಸಿನಲ್ಲಿ ಕೂರಬೇಕು. ಲೋಗನಾಥನ್ ನನ್ನ ಗಂಡ ಸೆಲ್ವಕುಮಾರರ ಚಿಕ್ಕಪ್ಪನ ಮಗ. ಇವರು ಹೋಗಿ ಜಾಗ ಕೂಡ ನೋಡಿ ಬಂದಿದ್ದರು.

“ಫ್ಯಾನ್ ಕೆಳಗೇ ಜಾಗ. ಸುಮ್ಮಾ ಕೂತ್ಕೊಂಡು ಬಿಲ್ ನೋಡ್ಕೊಂಡಿದ್ರ ಸಾಕು. ಇದ್ಕಿಂತ ಏನ್ ಬೇಕು?” ಎಂದರು.

“ನಾ ಹೋಗಲ್ಲಪ್ಪಾ!” ಎಂದು ಜನನಿ ಕೂಗಿದಳು. ಅವಳಿಗೆ ಆ ಫ್ಯಾನು, ಆ ಬಿಲ್ಲು ಯಾವುದೂ ಬೇಕಿರಲಿಲ್ಲ. ನನಗೂ ಬೇಕಿರಲಿಲ್ಲ. ಮಗು ಕಣ್ಣರಳಿಸಿಕೊಂಡು ಮಾಡುವ ಕೆಲಸ ಒಂದಿರುವಾಗ ಕಣ್ಣು ಮುಚ್ಚಿ ಮಾಡುವ ಕೆಲಸಕ್ಕೆ ಕಳಿಸುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಹೇಳಿದೆ ಕೂಡ, ಮೂರು ಸಲ ಕೂಗಿ ಹೇಳಿದೆ. ಆದರೆ ಮಗ್ಗದ ಸದ್ದಿನಲ್ಲಿ ಇವರಿಗೆ ಬೇಡದ ಮಾತು ಯಾವತ್ತೂ ಕೇಳಿಸಿದ್ದಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಕೂಗುವಂತಿಲ್ಲ. ಆದ್ದರಿಂದ ದನಿಯ ಪರೀಕ್ಷೆಯೆಲ್ಲ ನಮ್ಮ ಅಡುಗೆಮನೆಯಲ್ಲಿ, ಪರೀಕ್ಷೆಗೆ ಸಿಕ್ಕಿದವರು ನನ್ನ ಅತ್ತೆ ರಾಜಾಮಣಿ. ಮೊದಲ ದಿನ ಲ್ಯಾಪ್‌ಟಾಪ್ ತೆರೆದಾಗ ಬ್ರೌಸರ್ ಕೇಳಿತು: ಕ್ಯಾಮೆರಾ ಮತ್ತು ಮೈಕ್ ಬಳಸಬಹುದೇ? ಜನನಿ ಅದನ್ನು ಓದಿ ಹೇಳಿದಳು. ಅತ್ತೆ ತಲೆ ಮುಟ್ಟಿ ನೋಡಿಕೊಂಡು, ಹೂ ಇಲ್ಲದ್ದಕ್ಕೆ, “ಬ್ಯಾಡ” ಎಂದು ತಾವೇ ಒತ್ತಿಬಿಟ್ಟರು. ಒಳಗೆ ಹೋಗಿ ಮಲ್ಲಿಗೆ ಮುಡಿದು, ಸೀರೆಯ ನೆರಿಗೆ ಸರಿಮಾಡಿಕೊಂಡು ಬಂದು ಕೂತರು. ಬ್ರೌಸರ್ ಸುಮ್ಮನಿತ್ತು.

“ಏನಮ್ಮಣಿ, ಕೇಳವಲ್ದು?”

“ನೀವು ಬ್ಯಾಡ ಅಂದ್ರಲ್ಲ ಅಜ್ಜಿ. ಒಂದ್ ತಡವೆ ಬ್ಯಾಡ ಅಂದ್ರ ಅದು ಮತ್ತ ಕೇಳಾದಿಲ್ಲ.”

ಅತ್ತೆಯ ಮುಖ ಕೆಂಪಾಯಿತು. ನಮ್ಮವರಲ್ಲಿ ಕಾಫಿ ಬೇಕೇ ಎಂದರೆ ಮೊದಲ ಸಲ ಬೇಡ ಎನ್ನಬೇಕು, ಎರಡನೆಯ ಸಲವೂ ಬೇಡ ಎನ್ನಬೇಕು, ಮೂರನೆಯ ಸಲ ‘ಒಂದ್ ಅರ್ಧ ಲೋಟ’ ಎನ್ನಬೇಕು. ಒಂದೇ ಸಲಕ್ಕೆ ಹೂಂ ಎನ್ನುವವರು ಕಾಫಿ ಕಾಣದವರು. “ಒಂದ್ ಮಾತು ಬ್ಯಾಡ ಅಂದಿದ್ಕೆ ಮೂತಿ ತಿರುಗಿಸ್ಕೊಂತದಾ? ಎಂಥ ಮನೇಲಿ ಬೆಳೀತೋ!” ಎಂದು ಅತ್ತೆ ಬ್ರೌಸರನ್ನು ಬೈದರು. ಜನನಿ ಸೆಟಿಂಗ್ಸ್‌ಗೆ ಹೋಗಿ ಆ ‘ಬ್ಯಾಡ’ವನ್ನು ಅಳಿಸಿ, ಅದು ಮತ್ತೆ ಕೇಳುವ ಹಾಗೆ ಮಾಡಿದಳು. ಜೊತೆಗೆ, “ಚಿತ್ರ ಎಲ್ಲೂ ಹೋಗಲ್ಲಜ್ಜಿ, ಇದರೊಳಗೇ ಇರ್ತದ, ಭಯ ಬ್ಯಾಡ” ಎಂದು ಧೈರ್ಯ ಹೇಳಿದಳು.

“ಯಾಕ ಹೋಗಲ್ಲ? ಇಷ್ಟ್ ಹೂ ಮುಡ್ಕೊಂಡು ಬಂದಿದೀನಿ. ನಾಕ್ ಜನ ನೋಡ್ಲಿ!” ಎಂದರು ಅತ್ತೆ.

ಅನುಮತಿಯ ಗಂಡಾಂತರ ದಾಟಿದರೆ ಇನ್ನೊಂದು ಕಾದಿತ್ತು. ಯಾರೂ ಬಾಯಿ ತೆರೆಯುವ ಮೊದಲೇ ಪರದೆಯ ಮಗ್ಗ ತಾನಾಗಿ ನೇಯತೊಡಗಿತು. ನಾವು ಮೂವರೂ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದ ಹಾಗೆಯೇ ಒಂದು ಸೀರೆಯಷ್ಟು ಬಟ್ಟೆ ಓಡಿಹೋಯಿತು. ಮೈಕು ಶೆಡ್ಡಿನ ಎಂಟು ಮಗ್ಗಗಳನ್ನು ಕೇಳಿಸಿಕೊಳ್ಳುತ್ತಿತ್ತು. ಅದಕ್ಕೆ ಜನನಿ ಒಂದು ಅಂಕಿ ಇಟ್ಟಳು. ಸದ್ದು ಆ ಅಂಕಿಗಿಂತ ಕಡಿಮೆಯಿದ್ದರೆ ಎಳೆ ಹಾಯಕೂಡದು. ನಲವತ್ತು ಇಟ್ಟಳು, ಮಗ್ಗ ನಿಲ್ಲಲಿಲ್ಲ. ಅರವತ್ತು ಇಟ್ಟಳು, ನಿಲ್ಲಲಿಲ್ಲ. ಎಂಬತ್ತೈದಕ್ಕೆ ಬಂದಾಗ ಪರದೆ ತೆಪ್ಪಗಾಯಿತು. ಆಗ ಅತ್ತೆ, “ನಿಂತ್ಬುಡ್ತಾ ಮೂದೇವಿ!” ಎಂದರು ನೋಡಿ, ಹಸಿರು ಎಳೆಗಳು ಸಾಲಾಗಿ ಹಾದವು. ನಾನು ಕೂಗಿದೆ, ಹಾದವು. ಜನನಿ ಕೂಗಿದಳು, ಹಾದವು. ಕೆಲಸ ಮುಗಿಯಿತೆಂದು ನಾನು ಆ ದಿನ ಪಾಯಸ ಮಾಡಿದೆ.

ಪ್ರದರ್ಶನ ಶನಿವಾರ ಬೆಳಗ್ಗೆ. ಇವರು ಮಗ್ಗ ಬಿಟ್ಟು ಬರಲಿಲ್ಲ. ನಾನೂ ಅತ್ತೆಯೂ ಬಸ್ಸು ಹಿಡಿದು ಪೀಳಮೇಡಿಗೆ ಹೋದೆವು. ದೊಡ್ಡ ಹಾಲು, ನೆಲಕ್ಕೆ ಜಮಖಾನ, ತಣ್ಣಗೆ ಎ.ಸಿ. ಒಳಗಿದ್ದವರೆಲ್ಲ ಮಲಗಿದ ಮಗುವನ್ನು ಎಬ್ಬಿಸಬಾರದು ಎನ್ನುವ ಹಾಗೆ ಪಿಸುಗುಟ್ಟುತ್ತಿದ್ದರು. ಅತ್ತೆ ನನ್ನ ಕಿವಿಯಲ್ಲಿ, “ಯಾರಾದ್ರು ಹೋಗ್ಬುಟ್ರಾ?” ಎಂದರು. ಕಿವಿಯಲ್ಲಿ ಎಂದು ಅವರು ತಿಳಿದಿದ್ದರು. ಹಾಲಿಗೆ ಹಾಲೇ ತಿರುಗಿ ನೋಡಿತು.

ಕಂಪನಿಯಿಂದ ಬಂದಾಕೆ ತೆನ್ಮೊಳಿ ಎನ್ನುವ ಹೆಣ್ಣುಮಗಳು. ಮೂವತ್ತರ ಆಜುಬಾಜು, ನೀಲಿ ಹತ್ತಿಯ ಸೀರೆ, ದನಿ ಸೀರೆಗಿಂತ ಮೆತ್ತಗೆ. ಜನನಿಯ ಮೇಜಿನ ಮುಂದೆ ಕೂತು, ಕ್ಯಾಮೆರಾ ಮೈಕುಗಳಿಗೆ ಅನುಮತಿ ಒತ್ತಿ, ನಕ್ಕು, “ವಣಕ್ಕಂ” ಎಂದರು. ಎಳೆ ಹಾಯಲಿಲ್ಲ. ಮತ್ತೊಮ್ಮೆ “ವಣಕ್ಕಂ” ಎಂದರು. ಇಲ್ಲ. ಎರಡು ಬೆರಳಿನಿಂದ ಚಪ್ಪಾಳೆ ತಟ್ಟಿದರು. ಹಾಸಿನ ಎಳೆಗಳು ಕಂಬದ ಹಾಗೆ ನಿಂತೇ ಇದ್ದವು. ಜನನಿ ಪುಟವನ್ನು ಮತ್ತೆ ತೆರೆದಳು, ಅನುಮತಿ ನೋಡಿದಳು, ಮೈಕು ನೋಡಿದಳು. ಎಲ್ಲ ಸರಿಯಿತ್ತು. “ಮನೆಯಲ್ಲಿ ನಡೆಯುತ್ತಿತ್ತು ಮೇಡಂ” ಎಂದು ತಮಿಳಿನಲ್ಲಿ ಹೇಳಿದಳು. ಅವಳ ಮೇಷ್ಟ್ರು ದೇವರಾಜನ್ ಗಡಿಯಾರ ನೋಡಿಕೊಂಡರು. ತೆನ್ಮೊಳಿ ಎದ್ದು ನಿಂತರು. ನನ್ನ ಕಣ್ಣಿಗೆ ತಿರುಪ್ಪೂರಿನ ಆ ಫ್ಯಾನು ತಿರುಗುವುದು ಕಂಡಿತು.

ಅತ್ತೆಗೆ ತಡೆಯಲಾಗಲಿಲ್ಲ. ಸರಸರನೆ ಹೋಗಿ ಆ ಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪಿಗೆ ಮುಖ ಕೊಟ್ಟು, “ಏನ್ ಧಿಮಾಕು ನಿಂಗ! ಮನೇಲಿ ಹಂಗ್ ಕುಣಿದ್ಯಲ್ಲ, ನಾಕ್ ಜನದ ಮುಂದ ನಮ್ಮ ಮಗೀನ ಮಾನ ಕಳೀತೀಯಾ?” ಎಂದರು.

ಒಬ್ಬರ ಕೈಯಲ್ಲಿದ್ದ ಟೀ ಲೋಟ ಜಾರಿತು. ಬಾಗಿಲಲ್ಲಿದ್ದ ವಾಚ್‌ಮನ್ ಅಯ್ಯಾಸಾಮಿ ಕೋಲು ಹಿಡಿದು ಒಳಗೆ ಬಂದ. ಪರದೆಯ ಮೇಲೆ ಅತ್ತೆಯ ಅರಿಸಿನ ಸೀರೆಯ ಬಣ್ಣದಲ್ಲಿ ಗೇಣುದ್ದ ಬಟ್ಟೆ ನೇಯ್ದು ನಿಂತಿತ್ತು.

ತೆನ್ಮೊಳಿ ಮತ್ತೆ ಕೂತರು. ಅತ್ತೆಯ ಹಾಗೆಯೇ ಕೂಗಲು ನೋಡಿದರು. ಬಂದದ್ದು ಸಣ್ಣ ಕೆಮ್ಮು. “ನನಗೆ ಕೂಗಿ ಅಭ್ಯಾಸವಿಲ್ಲ ಪಾಟಿ” ಎಂದು ಅಜ್ಜಿಯನ್ನು ಕರೆಯುವ ತಮಿಳಿನ ಮಾತಿನಲ್ಲೇ ಹೇಳಿದರು. ಅತ್ತೆ ಅವರ ಬೆನ್ನಿನ ಮೇಲೆ ಕೈಯಿಟ್ಟು, ಕೊರಳಿನಿಂದಲ್ಲ, ಹೊಟ್ಟೆಯಿಂದ ಎಂದು ಕಲಿಸಿದರು. ನಾಲ್ಕನೆಯ ಸಲಕ್ಕೆ ಒಂದು ನೀಲಿ ಎಳೆ ಹಾಯಿತು. ತೆನ್ಮೊಳಿ ಚಿಕ್ಕ ಹುಡುಗಿಯ ಹಾಗೆ ಕೈ ತಟ್ಟಿ ನಕ್ಕರು. ಆಮೇಲೆ ಸಾಲು ನಿಂತಿತು. ಇಡೀ ಕಾಲೇಜೇ ಬಂದು ಕೂಗಿ ಹೋಯಿತು, ಅಯ್ಯಾಸಾಮಿಯೂ ಕೋಲು ಗೋಡೆಗೆ ಒರಗಿಸಿ ಎರಡು ಎಳೆ ಹಾಯಿಸಿದ.

ಗಾಳಿ ತಿರುಗಿದ್ದು ಕಂಡು ದೇವರಾಜನ್ ಮುಂದೆ ಬಂದರು. “ಅದೇ ಮೇಡಂ ಇದರ ಕಾನ್ಸೆಪ್ಟು. ಕೂಗದೆ ಬಟ್ಟೆ ಇಲ್ಲ. ಬಹಳ ಯೋಚನೆ ಮಾಡಿ ಮಾಡಿದ್ದು” ಎಂದರು.

“ಹೌದಾ?” ಎಂದು ತೆನ್ಮೊಳಿ ಜನನಿಯನ್ನು ಕೇಳಿದರು.

ಹೂಂ ಎನ್ನೇ ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಒಂದು ಹೂಂ ಎಂದರೆ ಕೆಲಸ ಕೈಯಲ್ಲಿತ್ತು. ಜನನಿ ಪರದೆ ನೋಡಿದಳು, ಅಜ್ಜಿಯನ್ನು ನೋಡಿದಳು. ಅವಳಿಗೆ ಆಗಷ್ಟೇ ವಿಷಯ ಹೊಳೆದಿತ್ತು ಎಂದು ಮುಖವೇ ಹೇಳುತ್ತಿತ್ತು.

“ಇಲ್ಲ ಮೇಡಂ. ತಪ್ಪಾಗಿದೆ” ಎಂದಳು. “ನಮ್ಮ ಮನೆಯಲ್ಲಿ ಎಂಟು ಮಗ್ಗ ಓಡುತ್ತೆ. ಅದರ ಸದ್ದಿಗೆ ಅಂಕಿ ಇಟ್ಟೆ. ಬೇರೆ ಮನೆಗಳು ಇಷ್ಟು ಮೌನವಾಗಿರುತ್ತವೆ ಅಂತ ನನಗೆ ತೋಚಲೇ ಇಲ್ಲ.” ಹೇಳುತ್ತಲೇ ಎಂಬತ್ತೈದನ್ನು ಅಳಿಸಿ ಹದಿನೆಂಟು ಮಾಡಿದಳು. “ಈಗ ಮಾತಾಡಿ.”

ತೆನ್ಮೊಳಿ ಬರೀ “ಓ” ಎಂದರು. ಎಳೆ ಹಾಯಿತು.

ನಾನು ಆ ಎರಡು ಅಂಕಿಗಳನ್ನೂ ನೋಡಿದೆ. ಹದಿನೆಂಟರಲ್ಲಿ ಊರೆಲ್ಲ ಸಂಸಾರ ಮಾಡುತ್ತದೆ, ನಾವು ಎಂಬತ್ತೈದರಲ್ಲಿ ಮಾಡಿದ್ದೇವೆ. ಮಗಳಿಗೆ ಲಾಲಿ ಕೂಡ ನಾನು ಕೂಗಿಯೇ ಹಾಡಿದ್ದು. ಇದ್ದಕ್ಕಿದ್ದಂತೆ ಅಳು ಬಂತು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ತೆನ್ಮೊಳಿ ಏನನ್ನೋ ಬರೆದುಕೊಂಡು, ಸೋಮವಾರ ಹತ್ತು ಗಂಟೆಯೊಳಗೆ ಫೋನ್ ಮಾಡಿ ಹೇಳುತ್ತೇನೆ, ಆಯ್ಕೆಯಾದರೆ ಮಾತ್ರ ಮಾಡುತ್ತೇನೆ ಎಂದು ಹೇಳಿ ಮುಂದಿನ ಮೇಜಿಗೆ ಹೋದರು. ಬಸ್ಸಿನಲ್ಲಿ ನಾನು ಜನನಿಯನ್ನು, “ಹೂಂ ಅನ್ನಕ್ಕೇನಾಗಿತ್ತೆ ನಿಂಗೆ?” ಎಂದು ಬೈದೆ. ಬೈಯುತ್ತಲೇ ಅವಳ ಬಗ್ಗೆ ಹೆಮ್ಮೆಯೂ ಆಗುತ್ತಿತ್ತು. ಕಂಡಕ್ಟರ್ ಮಾತ್ರ ಜಗಳ ಎಂದುಕೊಂಡ.

ಮನೆಗೆ ಬಂದ ಮೇಲೆ ಅತ್ತೆ ಮಗನಿಗೆ ನಡೆದದ್ದನ್ನೆಲ್ಲ ಹೇಳಿದರು, ಕೂಗಿ, ಕೈಸನ್ನೆ ಮಾಡಿ. ಇವರು ಕೇಳಿ “ಸರಿ, ಸರಿ” ಎಂದು ನೂಲು ತೆಗೆದುಕೊಂಡು ಶೆಡ್ಡಿಗೆ ಹೋದರು. ತಿರುಪ್ಪೂರಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸೋಮವಾರ ಜನನಿ ತಿರುಪ್ಪೂರಿಗೆ ಹೊರಟು, ಊಟದ ಡಬ್ಬಿ ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಕೂತಿದ್ದಳು. ಹತ್ತಾಗಲು ಐದು ನಿಮಿಷ ಇದೆ ಎನ್ನುವಾಗ ಫೋನ್ ಬೆಳಗಿತು. ಅವಳು ಜಗಲಿಯಲ್ಲಿ ಕಿವಿಗಿಟ್ಟಳು, ಹಿತ್ತಿಲಿಗೆ ಓಡಿದಳು, ಬಚ್ಚಲಿಗೆ ನುಗ್ಗಿ ಬಾಗಿಲು ಹಾಕಿಕೊಂಡಳು, ಮತ್ತೆ ಹೊರಗೆ ಬಂದಳು. ತೆನ್ಮೊಳಿಯ ದನಿ ಆ ಸದ್ದಿನಲ್ಲಿ ಎಲ್ಲಿ ಕೇಳಬೇಕು? “ಮೇಡಂ, ಕೇಳಿಸ್ತಿಲ್ಲ, ಮೇಡಂ!” ಎಂದು ಒಂದು ಕಿವಿ ಬೆರಳಿನಿಂದ ಮುಚ್ಚಿಕೊಂಡು ಅಂಗಳದ ನಡುವೆ ನಿಂತು ಅರಚುತ್ತಿದ್ದಳು. ಕಣ್ಣಲ್ಲಿ ನೀರು.

ಇವರು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಹೋದರು. ಮೇನ್ ಸ್ವಿಚ್ ಎಳೆದರು.

ಎಂಟೂ ಮಗ್ಗ ಒಟ್ಟಿಗೆ ನಿಂತವು. ಆಯುಧಪೂಜೆಗೆ ಬಿಟ್ಟರೆ ಹಗಲು ಹೊತ್ತಿನಲ್ಲಿ ಇವರು ಕೈಯಾರೆ ಅವನ್ನು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ನೇಯುವ ಅಂಗಮ್ಮ ಹೊರಗೆ ಬಂದು, ಕರೆಂಟು ಹೋಯಿತೇ ಎಂದು ಕೇಳಿದಳು. ಇವರು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಪಕ್ಕದ ಮನೆಯ ಕೋಳಿ ಕೆರೆಯುವುದು ಕೂಡ ಕೇಳುತ್ತಿತ್ತು.

ಜನನಿ ಮೊದಲು ಕೂಗಿದಳು, ಆಮೇಲೆ ದನಿ ತಗ್ಗಿಸಿದಳು. “ಹೂಂ ಮೇಡಂ. ಬುಧವಾರದಿಂದಾ? ಬರ್ತೀನಿ ಮೇಡಂ” ಎಂದು ತಮಿಳಿನಲ್ಲಿ ಹೇಳುತ್ತ ಊಟದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಅಲ್ಲೇ ಕುಕ್ಕರಿಸಿದಳು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಕುಣಿದರು.

ನಾನು ಇವರ ಹತ್ತಿರ ಹೋದೆ. ನಡುವೆ ನಿಲ್ಲಿಸಿದ ಬಟ್ಟೆಗೆ ಆ ಜಾಗದಲ್ಲಿ ಅಡ್ಡ ಗೆರೆಯೊಂದು ಉಳಿದುಬಿಡುತ್ತದೆ, ಕೊಳ್ಳುವವರು ಅದನ್ನೇ ಮೊದಲು ಹುಡುಕುತ್ತಾರೆ. “ಎಂಟಕ್ಕೂ ಗೆರೆ ಬೀಳ್ತದಲ್ರೀ” ಎಂದೆ.

“ಬೀಳ್ಲಿ ಬುಡು” ಎಂದರು ಇವರು. ಅವರ ದನಿ ಇಷ್ಟು ಮೆತ್ತಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ರಾತ್ರಿ ಮಗ್ಗ ನಿಂತ ಮೇಲೂ ಅಭ್ಯಾಸಬಲದಿಂದ ಕೂಗಿಯೇ ಮಾತಾಡುತ್ತಾರೆ, ಕರೆಂಟು ಹೋದಾಗೆಲ್ಲ ಕರೆಂಟ್ ಆಫೀಸಿನವರಿಗೆ ಕೂಗುತ್ತಿರುತ್ತಾರೆ, ಮತ್ತೆ ಕೇಳುವುದು ಯಾವಾಗ? ಮಗಳ ಕಡೆ ತಿರುಗಿ, “ನಿದಾನಕ್ಕೆ ಮಾತಾಡಮ್ಮಣಿ. ಎಲ್ಲಾನೂ ಸರಿಯಾಗಿ ಕೇಳ್ಕೋ” ಎಂದರು. ಅವಳು ಫೋನ್ ಇಡುವವರೆಗೂ ಸ್ವಿಚ್ಚಿನ ಹತ್ತಿರವೇ ನಿಂತಿದ್ದರು.