ಎರಡು ಕಣ್ಣಿನ ಚಾಟನಿ

ಸಂತ ಹುವಾನನ ಹಬ್ಬದ ಬೆಳಿಗ್ಗೆ ದೊನ್ ಬೌದಿಲಿಯೊ ಬಾಗಿಲ ಮೇಲಿನ ಮೊಳೆಯಿಂದ ಬೆತ್ತ ಇಳಿಸಿದ. ಮೆಂಬ್ರಿಯೊ ಗಿಡದ ಬೆತ್ತ. ಎಷ್ಟು ಬಗ್ಗಿಸಿದರೂ ಮುರಿಯುವ ಜಾತಿಯಲ್ಲ. ವರ್ಷಕ್ಕೆ ಒಂದೇ ದಿನ ಅದಕ್ಕೆ ಕೆಲಸ. ಫಸಲು ಕೊಡದ ಮರಕ್ಕೆ ಅವತ್ತು ನಾಲ್ಕು ಬಾರಿಸಿದರೆ ನಾಚಿಕೆಗೋ ಹೆದರಿಕೆಗೋ ಬೇಸಿಗೆಯಲ್ಲಿ ಹಣ್ಣು ಬಿಡುತ್ತದೆ ಎಂದು ಲಿಮಾರಿ ಕಣಿವೆಯಲ್ಲಿ ಎಲ್ಲರಿಗೂ ಗೊತ್ತು. ಆಚೆ ಬೀದಿಯಲ್ಲಿ ಯಾರದೋ ಅಂಜೂರಕ್ಕೆ ಆಗಲೇ ಏಟು ಬೀಳುತ್ತಿತ್ತು.

ಮುದುಕ ಅಂಗಳದ ಚಪ್ಪರದ ಕೆಳಗೆ ಹೋಗಿ ದ್ರಾಕ್ಷಿ ಬಳ್ಳಿಯ ಬುಡಕ್ಕೆ ಬೀಸಿದ. ಭೂಮಿಯ ಆ ದಕ್ಷಿಣದ ಕಡೆ ಜೂನ್ ಅಂದರೆ ನಡುಚಳಿಗಾಲ; ಎಲೆಯೆಲ್ಲ ಉದುರಿ ಬಳ್ಳಿ ಬೆತ್ತಲೆ ನಿಂತಿತ್ತು. ಒಣ ತೊಗಟೆ ಚೂರುಚೂರಾಗಿ ಹಾರಿತು. ಒಂದೊಂದು ಏಟಿಗೂ ಒಂದೊಂದು ಮಾತು. ಮಾತು ಒಂದೇ: ಗೊಡ್ಡು.

ಎಲ್ಸಿರಾ ಒಲೆಯಿಂದ ಬ್ರೆಡ್ ತೆಗೆಯುತ್ತಿದ್ದಳು. ಅವಳು ಬೌದಿಲಿಯೊನ ಒಬ್ಬಳೇ ಮಗಳು. ಮದುವೆಯಾಗಿ ಆರು ವರ್ಷ, ಮಕ್ಕಳಾಗಿರಲಿಲ್ಲ. ಪ್ರತಿ ಏಟಿಗೂ ಅವಳ ಕೈ ಒಂದು ಕ್ಷಣ ನಿಂತು ಮತ್ತೆ ಕೆಲಸಕ್ಕೆ ಹೋಗುತ್ತಿತ್ತು. ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ಅವಳ ಗಂಡ ನಿಬಾಲ್ಡೊ ಅದನ್ನು ನೋಡಿದ. ನೋಡಬಾರದಿತ್ತು. ನೋಡಿದ ಮೇಲೆ ಸುಮ್ಮನಿರುವ ಜನ್ಮವಲ್ಲ ಅವನದು.

ಮಣ್ಣಿನ ಗೋಡೆಯ ಆಚೆಯಿಂದ ಮುದುಕನ ಅಕ್ಕ ಒತಿಲಿಯಾ ತಲೆ ಹಾಕಿದಳು.

"ಬೌದಿಲಿಯೊ, ಎರಡೇಟು ಉಳಿಸ್ಕೊಳೋ. ಮನೇಲಿ ಇನ್ನೊಂದು ಇದೆಯಲ್ಲ."

ಹೇಳಿ ಅವಳೇ ನಕ್ಕಳು. ಮುದುಕ ನಗಲಿಲ್ಲ. ಆದರೆ ಬಾಯಿ ಮುಚ್ಚು ಅಂತಲೂ ಅನ್ನಲಿಲ್ಲ. ನಿಬಾಲ್ಡೊನ ನೆತ್ತಿಗೆ ಬೆಂಕಿ ಹತ್ತಿದ್ದು ಅದಕ್ಕೇ. ದೊಡ್ಡ ಊರಿನ ಆಸ್ಪತ್ರೆಗೆ ಮೂರು ಸಲ ಹೋಗಿ ಬಂದಿದ್ದರು. ಇಬ್ಬರಲ್ಲೂ ಯಾವ ದೋಷವೂ ಸಿಕ್ಕಿರಲಿಲ್ಲ. ಹಾಗಿದ್ದರೂ ಆರು ವರ್ಷದಲ್ಲಿ ಒಬ್ಬನಾದರೂ ನಿಬಾಲ್ಡೊನ ಕಡೆ ಬೆರಳು ತೋರಿಸಿದ್ದನೇ? ಗೊಡ್ಡು ಅನ್ನುವ ಪದ ಗಂಡಸಿನ ಮೈಗೆ ಅಂಟುವುದೇ ಇಲ್ಲ. ಎಣ್ಣೆ ಹಚ್ಚಿಕೊಂಡು ಹುಟ್ಟಿದವರ ಹಾಗೆ ಜಾರಿಸಿಕೊಳ್ಳುತ್ತಾರೆ.

ಅವನು ಹೋಗಿ ಬೆತ್ತ ಹಿಡಿದುಕೊಂಡ. ತಪ್ಪು ಬಳ್ಳಿಯದಲ್ಲ, ಚಾಟನಿಯದು, ಚಳಿಗಾಲದಲ್ಲಿ ಕಡ್ಡಿ ಕತ್ತರಿಸಿದ ರೀತಿಯದು ಅಂದ.

ಒತಿಲಿಯಾಳ ನಗು ನಿಂತಿತು. ಬೌದಿಲಿಯೊನ ಚಾಟನಿ ತಪ್ಪು ಅನ್ನುವುದು ಆ ಊರಲ್ಲಿ ಪಾದ್ರಿಗೆ ಶಿಲುಬೆಯ ಗುರುತು ಹಾಕಲು ಬರುವುದಿಲ್ಲ ಅಂದ ಹಾಗೆ. ಪಿಸ್ಕೊ ಸಾರಾಯಿಗೆ ಹೋಗುವ ಮೊಸ್ಕಾತೆಲ್ ದ್ರಾಕ್ಷಿಯ ತೋಟಗಳಲ್ಲಿ ನಲವತ್ತು ಚಳಿಗಾಲ ಕತ್ತರಿ ಆಡಿಸಿದ ಕೈ ಅದು. ಹೋದ ವರ್ಷದ ಕಡ್ಡಿಯನ್ನು ಬುಡದಿಂದ ಎರಡೇ ಕಣ್ಣು ಬಿಟ್ಟು ಕತ್ತರಿಸಬೇಕು. ಆ ಎರಡು ಕಣ್ಣು ಒಡೆದು ಚಿಗುರಿ ಗೊನೆ ಬಿಡುತ್ತವೆ. ಮುದುಕ ಕಣ್ಣು ಕಟ್ಟಿಕೊಂಡರೂ ಮೂರನೆಯದನ್ನು ಬಿಡುತ್ತಿರಲಿಲ್ಲ. ಅಕ್ಕಪಕ್ಕದ ಹಳ್ಳಿಯವರು ಅವನನ್ನು ಕುದುರೆಯ ಮೇಲೆ ಕರೆದೊಯ್ಯುತ್ತಿದ್ದ ಕಾಲವಿತ್ತು.

"ನೀವು ಕತ್ತರಿ ಹಿಡಿದು ಎಷ್ಟು ವರ್ಷ ಆಯ್ತು ಅಳಿಯಂದ್ರೇ?"

"ಒಂದು ಚಳಿಗಾಲ ಮಾವ."

"ನಲವತ್ತಕ್ಕೆ ಒಂದು," ಅಂದ ಮುದುಕ ಗೋಡೆಯ ಕಡೆ ತಿರುಗಿ, ಅಕ್ಕನಿಗೆ ಕೇಳಿಸುವ ಹಾಗೆ.

ಆ ಒಂದು ಚಳಿಗಾಲದಲ್ಲಿ ನಿಬಾಲ್ಡೊ ಕಂಡದ್ದು ಇಷ್ಟೇ. ಅಲ್ಲಿಯವರೆಗೆ ಅವನು ದೊಡ್ಡ ತೋಟದ ಶೆಡ್ಡಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಹಡಗು ಹತ್ತಿ ದೂರ ದೇಶದ ಊಟದ ಮೇಜಿಗೆ ಹೋಗುವ ಬೀಜವಿಲ್ಲದ ಹಸಿರು ದ್ರಾಕ್ಷಿ. ಕೀಳುವವನು ಒಂದು ಬಾಯಿಗೆ ಹಾಕಿಕೊಂಡರೆ ಮೇಸ್ತ್ರಿ ಹೆಸರು ಬರೆದುಕೊಳ್ಳುತ್ತಾನೆ. ಹೋದ ವರ್ಷ ಚಾಟನಿ ಗುಂಪಿಗೆ ಹಾಕಿದಾಗ ಅವನು ಮಾವನ ಹಾಗೆ ಎರಡು ಕಣ್ಣಿಗೆ ಕತ್ತರಿಸಿ ಮೊದಲ ದಿನವೇ ಬೈಸಿಕೊಂಡ. ಹತ್ತು ಕಣ್ಣು ಬಿಡು, ಉದ್ದ ಬಿಡು, ಬಗ್ಗಿಸಿ ತಂತಿಗೆ ಕಟ್ಟು. ಯಾಕೆ ಅಂತ ಯಾರೂ ಹೇಳಲಿಲ್ಲ. ಕೂಲಿಯವನಿಗೆ 'ಯಾಕೆ' ಯಾಕೆ ಬೇಕು? ಬೇಸಿಗೆಯಲ್ಲಿ ಅವನೇ ಸಾಲುಸಾಲು ಎಣಿಸಿದ. ಈ ಜಾತಿಯಲ್ಲಿ ಬುಡದ ಕಣ್ಣುಗಳು ಬರೀ ಎಲೆ. ಗೊನೆ ಬರುವುದು ನಾಲ್ಕನೆಯ, ಐದನೆಯ ಕಣ್ಣಿನಿಂದ ಆಚೆಗೆ.

ಅಂಗಳದ ಬಳ್ಳಿ ಅದೇ ಜಾತಿ. ಮದುವೆಯಾದ ಚಳಿಗಾಲದಲ್ಲಿ, ಸುಡಲು ಹಾಕಿದ್ದ ಕಡ್ಡಿ ರಾಶಿಯಿಂದ ಅವನು ಒಂದು ತುಂಡನ್ನು ಜಾಕೆಟ್ಟಿನೊಳಗೆ ಬಚ್ಚಿಟ್ಟು ತಂದಿದ್ದ. ಎಲ್ಸಿರಾ ನೆಟ್ಟಳು. ಬೀಜವಿಲ್ಲದ ಹಣ್ಣಿಗೆ ಏನು ಮರ್ಯಾದೆ ಅಂತ ಮೂಗು ಮುರಿದರೂ ಮುದುಕ ಅದಕ್ಕೆ ಪ್ರತಿ ವರ್ಷ ತನ್ನ ಹೆಸರಾಂತ ಎರಡು ಕಣ್ಣಿನ ಚಾಟನಿ ಮಾಡಿದ. ಹಣ್ಣು ಕೊಡುವ ಕಣ್ಣನ್ನೆಲ್ಲ ತಾನೇ ಕತ್ತರಿಸಿ ನೆಲಕ್ಕೆ ಹಾಕಿ, ಆಮೇಲೆ ಬೆತ್ತ ತಗೊಂಡು ಯಾಕೆ ಹಣ್ಣಿಲ್ಲ ಅಂತ ಹೊಡೆದ. ನಿಬಾಲ್ಡೊನಿಗೆ ಶಾಲೆಯ ನೆನಪು ಬಂತು. ಎಂಟನೆಯ ತರಗತಿಯಲ್ಲಿ ಅವನನ್ನು ಹಿಂದಿನ ಬೆಂಚಿಗೆ ತಳ್ಳಿ, ಪುಸ್ತಕ ಸಾಲದು ಅಂತ ಅವನ ಪುಸ್ತಕ ಬೇರೆಯವನಿಗೆ ಕೊಟ್ಟು, ವರ್ಷದ ಕೊನೆಗೆ ಇವನಿಂದ ಏನೂ ಆಗುವುದಿಲ್ಲ ಎಂದು ಬರೆದು ಕಳಿಸಿದ್ದರು.

ಅಂಗಳದಲ್ಲಿ ಮಾತು ಬೆಳೆಯಿತು. ಕೊನೆಗೆ ಮುದುಕ ತೀರ್ಮಾನ ಹೇಳಿದ. ಬೇಸಿಗೆಗೆ ಹಣ್ಣು ಕಾಣದಿದ್ದರೆ ಗುದ್ದಲಿ. ಬುಡ ಸಮೇತ ಕಿತ್ತು ಅಲ್ಲಿ ತಗಡು ಹೊದಿಸುತ್ತೇನೆ. ಎಲ್ಸಿರಾ ಆಗ ಬ್ರೆಡ್ಡಿನ ಬುಟ್ಟಿ ಕೆಳಗಿಟ್ಟಳು.

"ಅಪ್ಪ, ಬಳ್ಳಿಗೆ ಎರಡು ತೋಳಿದೆ. ಒಂದನ್ನ ಅವನಿಗೆ ಬಿಡು."

ಮುದುಕ ಮಗಳ ಮುಖ ನೋಡಿದ. ಅವಳು ಏನನ್ನೂ ಕೇಳುವವಳಲ್ಲ. ಚಪ್ಪರದ ಮೇಲೆ ಒಲೆಯ ಕಡೆಗೆ ಹಬ್ಬಿದ ತೋಳು ತನಗೆ, ಬೀದಿ ಕಡೆಯದು ಅಳಿಯನಿಗೆ ಎಂದು ಹೇಳಿ ಬೆತ್ತವನ್ನು ಮೊಳೆಗೆ ಸಿಕ್ಕಿಸಿದ.

ಜುಲೈ ಕೊನೆಯಲ್ಲಿ ಇಬ್ಬರೂ ಒಂದೇ ದಿನ ಏಣಿ ಹಾಕಿದರು. ಮುದುಕನ ಕತ್ತರಿ ಗಡಿಯಾರದ ಹಾಗೆ ನಡೆಯಿತು. ಟಕ್, ಟಕ್, ಅರ್ಧ ಗಂಟೆಯಲ್ಲಿ ಅವನ ತೋಳಿನ ಮೇಲೆ ಹೆಬ್ಬೆರಳುದ್ದದ ಮೋಟುಗಳು ಮಾತ್ರ ಉಳಿದವು. ನಿಬಾಲ್ಡೊ ಒಂದೊಂದು ಕಡ್ಡಿಯನ್ನೂ ಕಣ್ಣೆಣಿಸಿ ಉದ್ದ ಬಿಟ್ಟು, ಮೆಲ್ಲಗೆ ಬಗ್ಗಿಸಿ, ಕೆಳಗೆ ಎಲ್ಸಿರಾಳ ಹೊಲಿಗೆ ಮೆಷಿನ್ನಿನ ಬಳಿ ಉಳಿದಿದ್ದ ಬಟ್ಟೆಯ ಪಟ್ಟಿಗಳಿಂದ ಕಟ್ಟಿದ. ಶಾಲೆಯ ಸಮವಸ್ತ್ರದ ನೀಲಿ ಪಟ್ಟಿ. ನೋಡಲು ಬಂದವರ ಮುಂದೆ ಮುದುಕ, ಅಳಿಯಂದಿರು ಬಟ್ಟೆ ಒಣಹಾಕಲು ಹಗ್ಗ ಕಟ್ಟುತ್ತಿದ್ದಾರೆ ಎಂದು ಹಾಸ್ಯ ಮಾಡಿದ. ನಿಬಾಲ್ಡೊ ಇನ್ನೊಂದು ಗಂಟು ಬಿಗಿದ. ಅವನ ಲೆಕ್ಕ ಸರಳ. ಬಳ್ಳಿ ಗೊಡ್ಡಲ್ಲ ಎಂದು ಊರ ಕಣ್ಣೆದುರು ತೋರಿಸಿದರೆ ಆ ಪದದ ಹಲ್ಲು ಉದುರುತ್ತದೆ. ಬೆತ್ತ ಒಲೆಗೆ ಹೋಗುತ್ತದೆ.

ಸೆಪ್ಟೆಂಬರಿನಲ್ಲಿ ಕಣ್ಣು ಒಡೆದವು. ಅಕ್ಟೋಬರಿನಲ್ಲಿ ಬೀದಿ ಕಡೆಯ ತೋಳಿನಲ್ಲಿ ಸಾಸಿವೆಯಷ್ಟು ಸಣ್ಣ ಹಸಿರು ಕಾಳುಗಳ ಗೊನೆ ಇಳಿದವು. ನಿಬಾಲ್ಡೊ ಹದಿನೇಳು ಎಣಿಸಿದ. ಒಲೆಯ ಕಡೆ ಎಲೆಯೋ ಎಲೆ. ಇನ್ನೂ ಮಂಜು ಬೀಳಬಹುದು ಅಂದ ಮುದುಕ, ಅಷ್ಟೇ. ಆದರೆ ನವೆಂಬರಿನ ಒಂದು ಬೆಳಿಗ್ಗೆ ಅವನು ಹಳೆಯ ಕಾಲುಚೀಲದಲ್ಲಿ ಗಂಧಕದ ಪುಡಿ ತುಂಬಿಕೊಂಡು ಏಣಿ ಹತ್ತಿದ್ದನ್ನು ನಿಬಾಲ್ಡೊ ಕಿಟಕಿಯಿಂದ ನೋಡಿದ. ಬೂದಿ ರೋಗ ತಗಲದ ಹಾಗೆ ಒಂದೊಂದು ಗೊನೆಯ ಮೇಲೂ ಕಾಲುಚೀಲವನ್ನು ಮೆಲ್ಲಗೆ ತಟ್ಟುತ್ತಿದ್ದ, ಮಗುವಿನ ಬೆನ್ನು ತಟ್ಟುವ ಹಾಗೆ. ತನ್ನನ್ನು ಸೋಲಿಸಲು ಬಂದ ಗೊನೆಗಳು ಅಂತ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊನೆ ಹಾಳಾಗುವುದನ್ನು ನೋಡಿಕೊಂಡು ನಿಲ್ಲಲು ಆ ಕೈಗೆ ಬರುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಅವನು ತನ್ನ ತೋಳಿನ ಎಲೆ ತರಿದ. ದೊಡ್ಡ ತೋಟದಲ್ಲಿ ಹಾಗೇ ಮಾಡುತ್ತಾರೆ. ಗೊನೆಗೆ ಬಿಸಿಲು ಬಿದ್ದರೆ ಸಕ್ಕರೆ ಏರುತ್ತದೆ, ಬಣ್ಣ ಬರುತ್ತದೆ. ಬೀದಿಯಿಂದ ಹೋಗುವವರಿಗೂ ಚೆನ್ನಾಗಿ ಕಾಣಲಿ ಅಂತ ಎರಡು ಹಿಡಿ ಹೆಚ್ಚೇ ತರಿದ.

ಜನವರಿಯ ಒಂದು ಭಾನುವಾರ ಹಣ್ಣಾದವು. ಚಪ್ಪರದ ಕೆಳಗೆ ಮೇಜು ಹಾಕಿ, ಎಳೆ ಮುಸುಕಿನ ಜೋಳ ಅರೆದು ಮಾಂಸದ ಮೇಲೆ ಹೊಯ್ದು ಬೇಯಿಸಿದ ಮಣ್ಣಿನ ಬಟ್ಟಲುಗಳನ್ನು ಎಲ್ಸಿರಾ ತಂದಿಟ್ಟಳು. ಒತಿಲಿಯಾ ಕರೆಯದೆಯೇ ಬಂದಳು. ಊಟದ ಮೇಲೆ ನಿಬಾಲ್ಡೊ ಕುರ್ಚಿ ಹತ್ತಿ ಎಲ್ಲಕ್ಕಿಂತ ದೊಡ್ಡ ಗೊನೆ ಕತ್ತರಿಸಿ ಮಾವನ ತಟ್ಟೆಯ ಮೇಲೆ ಇಟ್ಟ. ಇಡುವ ರೀತಿಯಲ್ಲೇ ಆರು ವರ್ಷದ ಸಿಟ್ಟಿತ್ತು.

ಮುದುಕ ಒಂದು ಕಿತ್ತು ಬಾಯಿಗೆ ಹಾಕಿಕೊಂಡ. ಅಗಿದ. ಜೀವಮಾನವೆಲ್ಲ ಬೀಜದ ಹಣ್ಣು ತಿಂದ ನಾಲಿಗೆ ಉಗುಳಲು ಬೀಜ ಹುಡುಕಿತು, ಸಿಗಲಿಲ್ಲ. ಇನ್ನೊಂದು ಕಿತ್ತ.

"ಸಿಹಿಯಿದೆ," ಅಂದ. ತಲೆ ಎತ್ತಿ ಬೀದಿ ಕಡೆಯ ತೋಳನ್ನು ನೋಡಿ, "ತಪ್ಪು ನನ್ನ ಕೈಯದೇ."

ನಿಬಾಲ್ಡೊ ಕಾದಿದ್ದು ಈ ಮಾತಿಗೆ. ಎದೆ ಉಬ್ಬಿ ಬರುವ ಮೊದಲೇ ಒತಿಲಿಯಾ ಗೊನೆಗೆ ಕೈ ಹಾಕುತ್ತ ಬಾಯಿ ಬಿಟ್ಟಳು. ಸದ್ಯ ಬಳ್ಳಿಯ ಗೊಡ್ಡುತನ ಹೋಯಿತು, ಇನ್ನು ಈ ಮನೆಯಲ್ಲಿ ಉಳಿದದ್ದು ಒಂದೇ ಅಂದಳು. ಅವಳು ಹಂಗಿಸಲಿಲ್ಲ. ಕನಿಕರದಿಂದಲೇ ಅಂದಳು. ಅದು ಇನ್ನೂ ಕೆಟ್ಟದಾಗಿತ್ತು.

ನಿಬಾಲ್ಡೊ ಆ ಪದದ ಹಲ್ಲು ಉದುರಿಸಲು ಹೊರಟಿದ್ದನಲ್ಲ, ಅದನ್ನು ಚೆನ್ನಾಗಿ ಸಾಣೆ ಹಿಡಿದು ಕೊಟ್ಟಿದ್ದ. ಇಷ್ಟು ದಿನ ಆ ಪದವನ್ನು ಹೊರಲು ಅಂಗಳದಲ್ಲಿ ಇಬ್ಬರಿದ್ದರು. ಈಗ ಎಲ್ಸಿರಾ ಒಬ್ಬಳೇ. ಅವನು ಕುರ್ಚಿ ಹಿಂದೆ ತಳ್ಳಿ ಎದ್ದ, ಹೇಳಬಾರದ್ದನ್ನು ಹೇಳಲು. ಆದರೆ ಎಲ್ಸಿರಾ ಮೊದಲೇ ಮಾತಾಡಿದಳು, ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ.

"ಅತ್ತೆ, ಈ ಬಳ್ಳಿ ನೆಟ್ಟಿದ್ದು ನಾನು. ನೆರಳಿಗೆ ನೆಟ್ಟೆ. ಎರಡನೇ ಬೇಸಿಗೆಯಿಂದ ನೆರಳು ಕೊಡ್ತಾನೇ ಇದೆ. ಅದು ಯಾವತ್ತು ಗೊಡ್ಡಾಗಿತ್ತು? ಹಣ್ಣು ಕೇಳಿದ್ದು ನೀವು. ನನ್ನನ್ನೂ ಯಾರೂ ಕೇಳಿಲ್ಲ, ನಾನು ಯಾಕೆ ಇದ್ದೀನಿ ಅಂತ."

ಆಮೇಲೆ ಗಂಡನ ಕಡೆ ತಿರುಗಿದಳು. ದನಿ ಏರಲಿಲ್ಲ.

"ನೀನೂ ಹಣ್ಣೇ ಕೇಳಿದೆ."

ಅವನು ಸುತ್ತ ನೋಡಿದ. ಹೊಲಿಗೆ ಮೆಷಿನ್ ಬೀದಿ ಕಡೆ ಇರಲಿಲ್ಲ. ಬಳ್ಳಿ ನೆರಳು ಕೊಟ್ಟಾಗಿನಿಂದ ಅಲ್ಲೇ ಇತ್ತು. ಹೋಗಿಬರುವವರನ್ನು ಮಾತಾಡಿಸುತ್ತ ಅವಳು ಅಲ್ಲೇ ಕೂತು ಸಮವಸ್ತ್ರ ಹೊಲಿಯುತ್ತಿದ್ದಳು. ತಗಡಿನ ಮನೆಯೊಳಗೆ ಬೇಸಿಗೆಯಲ್ಲಿ ಬೆಕ್ಕೂ ಮಲಗುವುದಿಲ್ಲ. ಈಗ ಆ ಜಾಗದ ನೆಲದ ಮೇಲೆ ಅವನು ಎಲೆ ತರಿದ ಕಿಂಡಿಗಳಿಂದ ಬಿಸಿಲು ಸುರಿಯುತ್ತಿತ್ತು. ಮೆಷಿನ್ ಒಲೆಯ ಪಕ್ಕ, ಮುದುಕನ ಎರಡು ಕಣ್ಣಿನ ತೋಳಿನ ಕೆಳಗೆ, ದಟ್ಟ ಎಲೆಯ ಕತ್ತಲಲ್ಲಿ ಇತ್ತು. ಹೊಗೆ ಕುಡಿಯುತ್ತ. ಅಷ್ಟು ಭಾರವನ್ನು ಅವಳೊಬ್ಬಳೇ ಎಳೆದುಕೊಂಡು ಹೋಗಿರಬೇಕು. ಯಾವಾಗ? ಒಂದು ತಿಂಗಳಿಂದ ದಿನಾ ಸಂಜೆ ಅವನು ಇದೇ ಅಂಗಳದಲ್ಲಿ ತಲೆ ಎತ್ತಿ ಗೊನೆ ಎಣಿಸಿದ್ದ. ಕೆಳಗೆ ನೋಡಿರಲಿಲ್ಲ.

ಒತಿಲಿಯಾ ಹೆಗಲಿನ ಶಾಲು ಎಳೆದುಕೊಂಡು, ಸೆಕೆ ಜಾಸ್ತಿಯಾಯಿತು ಅಂತ ಎದ್ದು ಹೋದಳು. ಮುದುಕ ಆ ಗೊನೆ ಮುಗಿಯುವ ತನಕ ಒಂದೊಂದೇ ತಿಂದ. ನಿಬಾಲ್ಡೊ ಅವತ್ತೇ ಮೆಷಿನ್ನನ್ನು ಹಿಂದಕ್ಕೆ ತಂದು, ಬೀದಿ ಕಡೆಗೆ ಗೋಣಿಚೀಲ ಕಟ್ಟಿ ನೆರಳು ಮಾಡಿದ. ಗೋಣಿಯ ನೆರಳು ಎಲೆಯ ನೆರಳಲ್ಲ. ಎಲ್ಸಿರಾ ಕೂತಳು, ಹೊಲಿದಳು, ಚೆನ್ನಾಗಿದೆ ಅಂತ ಮಾತ್ರ ಅನ್ನಲಿಲ್ಲ.

ಮತ್ತೆ ಸಂತ ಹುವಾನನ ಹಬ್ಬ ಬಂತು. ಊರೆಲ್ಲ ಏಟಿನ ಸದ್ದು. ದೊನ್ ಬೌದಿಲಿಯೊ ಬಾಗಿಲ ಮೇಲಿನ ಬೆತ್ತದ ಕೆಳಗೇ ಕೂತು ಚಹಾ ಕುಡಿದ, ಮೇಕೆ ಹಾಲಿನ ಚೀಸ್ ತಿಂದ. ಗೋಡೆಯ ಆಚೆಯಿಂದ ಕರೆದರೂ ಏಳಲಿಲ್ಲ.

ಜುಲೈನಲ್ಲಿ ಏಣಿ ಹಾಕಿ ಹತ್ತಿದ. ನಿಬಾಲ್ಡೊ ಬೀದಿ ಕಡೆ ಇನ್ನೊಂದು ಏಣಿಯ ಮೇಲಿದ್ದ. ಮುದುಕ ಕಡ್ಡಿ ಹಿಡಿದು, ಕತ್ತರಿಯ ಬಾಯಿ ತೆರೆದು, ಹಾಗೇ ನಿಂತ. ನಲವತ್ತೊಂದು ಚಳಿಗಾಲದಲ್ಲಿ ಆ ಕತ್ತರಿ ಹಾಗೆ ನಿಂತಿರಲಿಲ್ಲ.

"ಎಷ್ಟು ಕಣ್ಣು ಬಿಡ್ಲಿ ನಿಬಾಲ್ಡೊ?" ಈ ಸಲ ಅಳಿಯಂದ್ರೇ ಅನ್ನಲಿಲ್ಲ.

ನಿಬಾಲ್ಡೊನಿಗೆ ಉತ್ತರ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

"ಅವಳನ್ನ ಕೇಳಿ ಮಾವ."

ಎಲ್ಸಿರಾ ಮೆಷಿನ್ ನಿಲ್ಲಿಸಿ ಎದ್ದು ಬಂದು ಬೋಳು ಚಪ್ಪರದ ಕೆಳಗೆ ನಿಂತಳು. ಚಳಿಗಾಲದ ಆಕಾಶದಲ್ಲಿ ಜನವರಿಯ ನಾಲ್ಕು ಗಂಟೆಯ ಬಿಸಿಲು ಎಲ್ಲಿಂದ ಬರುತ್ತದೆ, ನೆರಳು ಎಲ್ಲಿ ಬೇಕು ಎಂದು ನೆನಪಿನಿಂದಲೇ ಹುಡುಕುತ್ತ, ಒಂದು ಹೆಜ್ಜೆ ಹಿಂದೆ ಹೋದಳು, ಕುರ್ಚಿ ಎಳೆದು ಕೂತು ನೋಡಿದಳು, ಮತ್ತೆ ಎದ್ದಳು. ಅವಳಿಗೆ ಅವಸರವಿರಲಿಲ್ಲ. ಇಬ್ಬರು ಗಂಡಸರು ತೆರೆದ ಕತ್ತರಿ ಹಿಡಿದು ಏಣಿಯ ಮೇಲೆ ಕಾದರು.